ಸುಲಿದ ಬಾಳೆಹಣ್ಣು

ಕೋಚ್ ಯತಿರಾಜ್ ಸುಲಿದು ಮುಂದೆ ಹಿಡಿದ ಬಾಳೆಹಣ್ಣನ್ನು ಸಹನಾ ತೆಗೆದುಕೊಳ್ಳಲಿಲ್ಲ. ಕೃಷ್ಣಗಿರಿಯ ಮೈದಾನದಲ್ಲಿ ಈಗಷ್ಟೇ ಜಿಲ್ಲಾ ಮಟ್ಟದ ಓಟ ಗೆದ್ದ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಚಂದ್ರಲೇಖಾ ಇನ್ನೂ ಓಡ್ತಾವ್ಳೆ ಸಾರ್," ಅಂದಳು.

ಯತಿರಾಜನ ಕಿವಿ ಬಿಸಿಯಾಯಿತು. ಓಡುವಾಗ ಎಲ್ಲರೂ ಒಂಟಿ, ತಿನ್ನುವಾಗಲಾದರೂ ಒಟ್ಟಿಗಿರಬೇಕು, ಅದಕ್ಕೇ ಕೊನೆಯವಳು ಬಂದು ಗೆರೆ ಮುಟ್ಟುವವರೆಗೆ ತಂಡಕ್ಕೆಂದು ತಂದ ಬಾಳೆಹಣ್ಣಿನ ಚಿಪ್ಪಿನಿಂದ ಯಾರೂ ಹಣ್ಣು ಕೀಳಬಾರದು ಎಂದು ಮತ್ತಿಗಿರಿಯ ಈ ಹುಡುಗಿಯರಿಗೆ ದಿನಾ ಬೆಳಿಗ್ಗೆ ಹೇಳಿಕೊಟ್ಟವನು ಅವನೇ. ಗೆಲುವಿನ ಸಂಭ್ರಮದಲ್ಲಿ ಚಂದ್ರಲೇಖಾ ಎಂಬುವಳೊಬ್ಬಳು ಇದ್ದಾಳೆಂಬುದೇ ಅವನಿಗೆ ಮರೆತುಹೋಗಿತ್ತು.

ಹುಡುಗಿಯರೆಲ್ಲ ಗೆರೆಯ ಬಳಿ ಓಡಿ ಅವಳ ಹೆಸರು ಹಿಡಿದು ಕೂಗತೊಡಗಿದರು. ಪಕ್ಕೆ ಹಿಡಿದುಕೊಂಡು ಎಲ್ಲರಿಗಿಂತ ಕೊನೆಗೆ ಬಂದ ಚಂದ್ರಲೇಖಾ ಏದುಸಿರಲ್ಲೇ ಚಿಪ್ಪಿನತ್ತ ನೋಡಿದಳು. ಒಂದು ಹಣ್ಣಿನ ಜಾಗ ಖಾಲಿಯಿತ್ತು. "ಯಾರೇ ಕಿತ್ತಿದ್ದು? ನಾನು ಬರಾಕಿಲ್ಲ ಅಂದ್ಕೊಂಡ್ಬುಟ್ರಾ?" ಎಂದು ನಕ್ಕಳು.

ಯತಿರಾಜ್ ಬಾಯಿ ತೆರೆಯುವಷ್ಟರಲ್ಲಿ ಸಹನಾ ಅವಳ ಹೆಗಲಿಗೆ ಕೈ ಹಾಕಿ, "ಅದು ಕೊಳ್ತೋಗಿತ್ತು ಕಣೆ, ಸಾರ್ ಕಿತ್ತು ಎಸೆದ್ರು," ಅಂದಳು. ಉಳಿದವರೂ ಹೌದು ಹೌದೆಂದು ತಲೆಯಾಡಿಸಿದರು. ಒಂದು ಕಲೆಯೂ ಇಲ್ಲದ ಆ ಹಣ್ಣು ಯತಿರಾಜನ ಬೆನ್ನ ಹಿಂದಿನ ಮುಷ್ಟಿಯಲ್ಲಿ ಹಿಸುಕಿಹೋಗಿ, ಬೆರಳುಗಳ ಸಂದಿನಿಂದ ಇಳಿಯತೊಡಗಿತು.