ಚೀಟಿ ಕಿತ್ತ ಕಾದಂಬರಿ

ಚಿಕ್ಕಮ್ಮ ಬರೆದ ಒಂದೇ ಒಂದು ಕಾದಂಬರಿಯನ್ನು, ಅವಳು ಬರೆದ ಹಾಗೆಯೇ ಓದಿ ಹೇಳುತ್ತೇನೆಂದು ನಾಗವೇಣಿ ಲಂಗ ತೊಡುತ್ತಿದ್ದ ಕಾಲದಲ್ಲೇ ಮಾತು ಕೊಟ್ಟಿದ್ದಳು.

ಆದರೆ ಪುಸ್ತಕಗಳು ಕೇಳುವುದು ಚೀಟಿಯ ಮಾತನ್ನಲ್ಲವೇ? ಯಾವುದೇ ಪುಸ್ತಕದ ಬೆನ್ನಿಗೆ ‘ಪತ್ತೇದಾರಿ’ ಎಂಬ ಚೀಟಿ ಅಂಟಿಸಿದರೆ ಬೆಳಗಾಗುವುದರೊಳಗೆ ಮೂರನೇ ಪುಟದಲ್ಲೊಂದು ಹೆಣ ಬಿದ್ದಿರುತ್ತದೆ. ಟೀವಿಯೂ ಅಷ್ಟೆ: ಒಂದೇ ಧಾರಾವಾಹಿಯ ಅತ್ತೆ ಭಕ್ತಿ ಚಾನೆಲ್ಲಿನಲ್ಲಿ ಹೂ ಕಟ್ಟುತ್ತಾಳೆ, ಕ್ರೈಂ ಚಾನೆಲ್ಲಿನಲ್ಲಿ ವಿಷ ಅರೆಯುತ್ತಾಳೆ. ಚಿಕ್ಕಮ್ಮನ ಕಾದಂಬರಿಗೆ ಪುಸ್ತಕದಂಗಡಿಯವನು ‘ಸಾಂಸಾರಿಕ’ ಎಂದು ಅಂಟಿಸಿದ್ದ. ಅಂದಿನಿಂದ ಅದರ ನಾಯಕಿ ಒಲೆಯ ಮುಂದೆ ಕೂತು ಅಳುತ್ತಲೇ ಇದ್ದಳು. ತಾನು ಬರೆದದ್ದೇನೆಂದು ಚಿಕ್ಕಮ್ಮನಿಗೇ ಮರೆತುಹೋಗಿತ್ತು. ಉಳಿದಿದ್ದು ಅದೊಂದೇ ಪ್ರತಿ.

ಭಾನುವಾರ ನಾಗವೇಣಿ ಅದನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದಳು.

“ಬೇಡ ಕಣೇ, ಚೀಟಿ ಕಿತ್ರೆ ಪುಟವೇ ಖಾಲಿಯಾಗತ್ತಂತೆ. ಆ ಅಳೋಳಾದ್ರೂ ಇರ್ಲಿ,” ಎಂದಳು ಚಿಕ್ಕಮ್ಮ.

“ಆ ಗೋಳು ಟೀವಿಲಿ ದಿನಾ ಇದೆ, ಸುಮ್ನಿರು.”

ಚೀಟಿ ಸುರುಳಿ ಸುತ್ತಿಕೊಂಡು ಕಳಚಿತು. ಪುಟಗಳು ಬೆಳ್ಳಗಾದವು. ಆಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಅಂಚಿನಿಂದ ಮರಳಿ ಬಂದವು. ನಾಯಕಿ ಕಣ್ಣೊರೆಸಿಕೊಂಡು ಎದ್ದಳು. ಒಲೆ ಆರಿಸಿ, ಹೊಳೆಯ ನೀರಿನ ಮೇಲೆ ಹೆಜ್ಜೆಯಿಟ್ಟು ಹೊರಟೇಬಿಟ್ಟಳು. ಆಚೆ ದಡದಲ್ಲಿ ಕೊಲೆಯಿತ್ತು, ದೆವ್ವವಿತ್ತು, ಆ ದೆವ್ವದ ಮೇಲೆ ಪ್ರೀತಿಯೂ ಇತ್ತು, ಹೊಟ್ಟೆ ಹುಣ್ಣಾಗುವಷ್ಟು ನಗುವೂ ಇತ್ತು. ಇಂಥದ್ದಕ್ಕೆ ಯಾವ ಚೀಟಿ ಅಂಟಿಸುವುದು?

“ಇದನ್ನ ನಾನಾ ಬರ್ದಿದ್ದು?” ಚಿಕ್ಕಮ್ಮ ತನಗರಿವಿಲ್ಲದೆ ಕೈಮುಗಿದಿದ್ದಳು.

“ನೀನೇ. ಕೇಳು.”

ನಾಗವೇಣಿ ಕೊನೆಯ ಪುಟದವರೆಗೂ ಓದಿದಳು. ಕೊಟ್ಟ ಮಾತು ಉಳಿಯಿತು.