ಮಣಿಕಟ್ಟಿನ ಆಮೆ

ನಮ್ಮ ಪರಿಸರ ಸಂಸ್ಥೆಯ ಸ್ವಯಂಸೇವಕರೆಲ್ಲರ ಮಣಿಕಟ್ಟಿನಲ್ಲೂ ಕೆರೆಯ ಒಂದೊಂದು ಜೀವಿಯ ಎದೆಬಡಿತ ಮಿಡಿಯುತ್ತದೆ. ನನ್ನದು ಆಮೆ. ಭಾನುವಾರ ದಂಡೆಯ ಮೇಲೆ ಸೇರಿ ವಾರದ ಬಡಿತಗಳನ್ನು ಓದಿ ಹೇಳುವುದು ಪದ್ಧತಿ.

ಗುರುವಾರ ದಾನಿಗಳು ಕೆರೆ ಚೆಂದ ಕಾಣಲೆಂದು ನೀಲಿ ಬಣ್ಣ ಸುರಿಸಿದರು. ಸಂಜೆಯೊಳಗೆ ನನ್ನ ಮಣಿಕಟ್ಟು ಸ್ತಬ್ಧವಾಯಿತು.

"ಸತ್ತಿದೆ ಅನ್ಬೇಡ ಕಣಮ್ಮ ಇಂಚರ, ದಾನಿಗಳು ಮುಂದೇನೇ ಕೂತಿದಾರೆ. ನಿದ್ದೆ ಅಂತ ಓದಿಬಿಡು. ಹೆಂಗೂ ನೀನು ಮೆಲ್ಲಗೆ ಮಾತಾಡೋದು ನಿನಗೇ ಕೇಳ್ಸಲ್ಲ," ಎಂದು ಭಾನುವಾರ ದಂಡೆಯ ಮೇಲೆ ಸಂಯೋಜಕಿ ಸುನೀತಾ ಮೇಡಂ ನಕ್ಕರು.

ನನಗಿಂತ ಮುಂಚಿನ ಆರು ಜನವೂ ನಿದ್ದೆ ಎಂದೇ ಓದಿದರು. ಇಡೀ ಕೆರೆಗೆ ಒಂದೇ ದಿನ ನಿದ್ದೆಯೇ! ಮೈಯೆಲ್ಲ ಉರಿಯಿತು.

ನನ್ನ ಸರದಿ ಬಂತು, ಮೈಕ್ ಹಿಡಿದೆ. "ನನ್ನ ಆಮೆ ಸತ್ತಿದೆ. ಗುರುವಾರ, ಐದೂಕಾಲಿಗೆ."

ಮೇಡಂ ಮೈಕಿಗೆ ಕೈ ಹಾಕಿದರು. ಅಷ್ಟರಲ್ಲಿ ಮೊದಲು ಓದಿದ್ದ ಅಜ್ಜ ಎದ್ದು ನಿಂತರು.

"ನನ್ನ ಕಪ್ಪೆನೂ ಸತ್ತಿದೆ. ನಾಲ್ಕೂವರೆಗೆ."