ಜರ್ಮನ್ ಹಾಡು

ಭಾಮಾ ಎರಡನೆಯ ಚರಣಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ, ಹೆಣ್ಣು ನೋಡಲು ಬಂದಿದ್ದ ಬದರಿನಾಥ ಬಲ್ಲವನ ಗತ್ತಿನಿಂದ, "ಭೇಷ್, ಪ್ರೇಮಗೀತೆ. ನಲ್ಲೆಯನ್ನ ಕರೀತಿದಾನೆ. ನನಗೆ ಜರ್ಮನ್ ಬರುತ್ತೆ," ಎಂದ. ದಾಸರ ಪದ ಬೇಡ, ಯುರೋಪಿನವರ ಸಂಗೀತವೇ ಆಗಲಿ ಎಂದು ಕೇಳಿದವನೂ ಅವನೇ. ಮದರಾಸಿನ ತ್ರಿಪ್ಲಿಕೇನಿನ ಆ ಪಡಸಾಲೆಯಲ್ಲಿ ಕೂತವರೆಲ್ಲ ತಲೆದೂಗಿದರು.

ಭಾಮಾ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. "ನಲ್ಲೆ ಅಲ್ಲ, ಕುರಿ. ದೇವರೇ, ನೀನು ಕುರುಬ, ನಾನು ಕುರಿ ಅಂತ ಬೈಬಲ್ಲಿನ ಕೀರ್ತನೆ. ನೂರು ವರ್ಷದ ಹಿಂದೆ ಜರ್ಮನ್ ಆಡೋ ಸೀಮೆಯವರೊಬ್ಬರು ರಾಗ ಹಾಕಿದ್ದು. ಕಾಲೇಜಲ್ಲಿ ಕಲಿಸಿದ್ರು."

"ಕೃಷ್ಣ ಕೃಷ್ಣ, ಕಿರಿಸ್ತಾನರ ಪಾಟ್ಟಾ? ಅವರ ಹಾಡಾ ಇದು?" ಎಂದು ಬದರಿನಾಥನ ತಾಯಿ ಗೋದಾಬಾಯಿ ಸೆರಗು ಮುದುರಿಕೊಂಡರು.

"ನನಗೆ ಆಗಲೇ ಅನುಮಾನ ಬಂತಮ್ಮಾ," ಎಂದ ಮಗರಾಯ. "ಮದುವೆ ಆಗ್ಲಿ, ಇದನ್ನೆಲ್ಲ ಬಿಡಿಸಿದರಾಯ್ತು."

ಭಾಮಾಗೆ ಇಪ್ಪತ್ತಾರು ದಾಟಿತ್ತು. ಈ ಗಂಡನ್ನೂ ಒಲ್ಲೆ ಎನ್ನಬೇಡ ಎಂದು ಅವಳ ತಂದೆ ಕಣ್ಣಲ್ಲೇ ಬೇಡಿದರು. ಅವಳು ನಿಧಾನವಾಗಿ ಎದ್ದು ಬಂದಳು. ಬದರಿನಾಥ ಆಗಷ್ಟೇ ತುಟಿಯ ಹತ್ತಿರ ಒಯ್ದಿದ್ದ ಕಾಫಿ ಲೋಟವನ್ನು, ಮಗುವಿನ ಕೈಯಿಂದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು.

"ನಿಮ್ಮ ಕಾಫಿ ಆಯ್ತು," ಎಂದು ಲೋಟ ಹಿಡಿದು ಒಳಗೆ ನಡೆದಳು.